ಸಂಬಳವೋ, ಪಾಲೋ: ಕ್ಲಿನಿಕ್ಕಿಗೆ ಫಿಸಿಯೋಥೆರಪಿಸ್ಟ್ ಬೇಕಾದಾಗ

ಬೆಳಗಾವಿಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುವವರಿಗೆ ಹೊಸ ಪದವೀಧರರ ಬರವಿಲ್ಲ. ಕೆಎಲ್‌ಇ ಕಾಲೇಜು ಊರಲ್ಲೇ ಇದೆ. ಬಂದವರನ್ನು ಉಳಿಸಿಕೊಳ್ಳುವುದೇ ಕಷ್ಟ.

ತಿಂಗಳ ಸಂಬಳ ಕೊಡಬೇಕೇ, ಪ್ರತಿ ರೋಗಿಯ ಶುಲ್ಕದಲ್ಲಿ ಪಾಲು ಕೊಡಬೇಕೇ? ಪಾಲಿನ ಪದ್ಧತಿ ಮಾಲೀಕರಿಗೆ ಹಗುರ: ರೋಗಿ ಬರದ ದಿನ ಖರ್ಚೂ ಇಲ್ಲ. ಆದರೆ ಜುಲೈ ತಿಂಗಳ ಜಡಿಮಳೆಗೆ ಖಾನಾಪುರದ ಕಡೆಯ ರೋಗಿಗಳು ಬರುವುದು ನಿಂತರೆ, ಕೋಣೆಯ ಬಾಡಿಗೆ ಕಟ್ಟಬೇಕಾದ ಕಿರಿಯ ಚಿಕಿತ್ಸಕಿಯ ಕೈ ಬರಿದಾಗುತ್ತದೆ. ಅದಕ್ಕಿಂತ ದೊಡ್ಡ ಆತಂಕ ಇನ್ನೊಂದಿದೆ. ಕಬ್ಬಿನ ಹೊರೆ ಹೊತ್ತು ಸೊಂಟ ಹಿಡಿದು ಬಂದ ರೈತನಿಗೆ ಕೆಲವೊಮ್ಮೆ ಮೂರು ವ್ಯಾಯಾಮ ಕಲಿಸಿ, ‘ಮನೆಯಲ್ಲೇ ಮಾಡಿರಿ, ಯಜಮಾನರೇ’ ಎಂದು ಕಳಿಸುವುದೇ ಸರಿಯಾದ ಚಿಕಿತ್ಸೆ. ಪಾಲು ಎಣಿಸುವ ಮನಸ್ಸಿಗೆ ಅವರನ್ನು ಹತ್ತು ದಿನ ಓಡಾಡಿಸುವ ಆಸೆ ಹುಟ್ಟುತ್ತದೆ.

ಸಂಬಳದಲ್ಲಿ ಈ ಸೆಳೆತವಿಲ್ಲ, ಹೊರೆ ಮಾಲೀಕರದು. ಆದರೂ ಹೊಸಬರಿಗೆ ಮೊದಲ ವರ್ಷ ಬರೀ ಸಂಬಳವೇ ಇರಲಿ ಎನ್ನುತ್ತೇನೆ. ಅನುಭವಿಗಳಿಗೆ ಅದರ ಮೇಲೆ ಸಣ್ಣ ಪಾಲು ಸೇರಿಸಿ.

ಕೆಲಸ ಬಿಟ್ಟ ಮೇಲೆ ಅದೇ ಬಡಾವಣೆಯಲ್ಲಿ ಕ್ಲಿನಿಕ್ ತೆರೆಯಬಾರದೆಂದು ಬರೆಸಿಕೊಳ್ಳುವವರಿದ್ದಾರೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಆ ಷರತ್ತು ನಿಲ್ಲುವುದಿಲ್ಲ. ಅದರ ಬದಲು ವಾರಕ್ಕೊಂದು ಗಂಟೆ ಜೊತೆಗೆ ಕುಳಿತು ಕಷ್ಟದ ಕೇಸುಗಳನ್ನು ಚರ್ಚಿಸಿ. ನಮ್ಮಲ್ಲಿರುವ ಒಬ್ಬರಿಗೆ ಪುಣೆಯಿಂದ ಹೆಚ್ಚು ಸಂಬಳದ ಕರೆ ಬಂದಿತ್ತು. ‘ಶನಿವಾರದ ಆ ಗಂಟೆ ಅಲ್ಲಿ ಸಿಗುವುದಿಲ್ಲ ಸರ್’ ಎಂದು ಇಲ್ಲೇ ಉಳಿದರು.