ಬಾರ್ಬಡೋಸ್ ಕಡಲತೀರದ ಆ ಮರದ ಕೆಳಗೆ ಮಕ್ಕಳನ್ನು ನಿಲ್ಲಲು ಬಿಡಬೇಡಿ

ಮಕ್ಕಳನ್ನು ಶಾಲೆಯ ಕ್ರಿಕೆಟ್ ತಂಡದೊಂದಿಗೆ ಕೆರಿಬಿಯನ್ ದ್ವೀಪಗಳಿಗೆ ಕಳುಹಿಸಲಿರುವ ತಂದೆತಾಯಿಯರು, ಅದರಲ್ಲೂ ನನ್ನಂತೆ ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು, ದಯವಿಟ್ಟು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ಕಳೆದ ಅಕ್ಟೋಬರ್ ರಜೆಯಲ್ಲಿ 13 ವರ್ಷದ ನನ್ನ ಮಗ ಶಾಲಾ ತಂಡದ ಜೊತೆ ಬಾರ್ಬಡೋಸ್‌ಗೆ ಹೋಗಿದ್ದ. ತಂಡದೊಂದಿಗೆ ಹೋದ ನಾಲ್ವರು ಪೋಷಕರಲ್ಲಿ ನಾನೂ ಒಬ್ಬ. ಆಡಿದ ಪಂದ್ಯಗಳಲ್ಲಿ ಯಾವ ಹುಡುಗನಿಗೂ ಪೆಟ್ಟಾಗಲಿಲ್ಲ. ಅನಾಹುತವಾದದ್ದು ಪಂದ್ಯವಿಲ್ಲದ ಬಿಡುವಿನ ದಿನ, ಸಮುದ್ರದ ದಂಡೆಯಲ್ಲಿದ್ದ ಒಂದು ಮರದ ಕೆಳಗೆ.

ಆ ದಿನ ಬೆಳಿಗ್ಗೆ ಮಕ್ಕಳನ್ನು ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್ ನೋಡಲು ಕರೆದೊಯ್ದಿದ್ದೆವು. 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದದ್ದು ಇದೇ ಮೈದಾನದಲ್ಲಿ, ನಮ್ಮ ರಾಹುಲ್ ದ್ರಾವಿಡ್ ತಂಡದ ಕೋಚ್ ಆಗಿ ಕಂಡ ಕೊನೆಯ ಪಂದ್ಯವೂ ಅದೇ. ಕೊನೆಯ ಓವರಿನಲ್ಲಿ ಡೇವಿಡ್ ಮಿಲ್ಲರ್ ಎತ್ತಿ ಹೊಡೆದ ಚೆಂಡನ್ನು ಸೂರ್ಯಕುಮಾರ್ ಯಾದವ್ ಬೌಂಡರಿ ಗೆರೆಯ ಅಂಚಿನಲ್ಲಿ ಹಿಡಿದು, ಗೆರೆ ದಾಟುವ ಮೊದಲು ಅದನ್ನು ಮೇಲಕ್ಕೆ ಚಿಮ್ಮಿಸಿ, ಮತ್ತೆ ಒಳಗೆ ಬಂದು ಹಿಡಿದದ್ದನ್ನು ನನ್ನ ಮಗ ತನ್ನ ಇಂಗ್ಲಿಷ್ ಗೆಳೆಯರಿಗೆ ಬಸ್ಸಿನುದ್ದಕ್ಕೂ ವಿವರಿಸುತ್ತಾ ಬಂದ. ಮಧ್ಯಾಹ್ನ ದ್ವೀಪದ ಪಶ್ಚಿಮ ತೀರದ ಬೀಚೊಂದಕ್ಕೆ ಹೋದೆವು. ಅಟ್ಲಾಂಟಿಕ್ ಅಲೆಗಳು ಅಪ್ಪಳಿಸುವ ಪೂರ್ವ ತೀರದಲ್ಲಿ ಈಜುವುದು ಅಪಾಯವೆಂದು ಎಲ್ಲರಿಗೂ ಹೇಳಲಾಗಿತ್ತು. ಪಶ್ಚಿಮದ ನೀರು ಶಾಂತವಾಗಿರುತ್ತದೆ ಎಂಬ ಕಾರಣಕ್ಕೆ ನಾವೆಲ್ಲರೂ ಅಲ್ಲಿ ನಿಶ್ಚಿಂತೆಯಿಂದಿದ್ದೆವು. ನಮ್ಮ ಗಮನವೆಲ್ಲ ನೀರಿನ ಮೇಲೆಯೇ ಇತ್ತು.

ಮೂರು ಗಂಟೆಯ ಸುಮಾರಿಗೆ ಇದ್ದಕ್ಕಿದ್ದಂತೆ ಮಳೆ ಸುರಿಯಿತು. ಅಂಗಿಯಿಲ್ಲದೆ ಆಡುತ್ತಿದ್ದ ಹುಡುಗರಲ್ಲಿ ಐವರು ಹತ್ತಿರದ ದೊಡ್ಡ ಮರದ ಕೆಳಗೆ ಓಡಿದರು. ದಟ್ಟ ನೆರಳು, ಮಿರುಗುವ ಹಸಿರೆಲೆ, ಮರಳಿನ ಮೇಲೆ ಉದುರಿದ್ದ ಪುಟ್ಟ ಸೇಬಿನಂಥ ಹಳದಿ ಮಿಶ್ರಿತ ಹಸಿರು ಕಾಯಿಗಳು. ಬೆಳಿಗ್ಗೆ ಕೇಳಿದ ಕ್ಯಾಚನ್ನು ಆ ಕಾಯಿಗಳಿಂದಲೇ ಅಭ್ಯಾಸ ಮಾಡಲು ತೊಡಗಿದರು. ಒಬ್ಬ ಎಸೆದ ಕಾಯನ್ನು ನನ್ನ ಮಗ ಪ್ಲಾಸ್ಟಿಕ್ ಬ್ಯಾಟಿನಿಂದ ಬೀಸಿ ಹೊಡೆದ. ಕಾಯಿ ಒಡೆದು ಅದರ ಹಾಲಿನಂಥ ಸೊನೆ ಅವನ ಕೆನ್ನೆಗೂ ಬಲಗಣ್ಣಿಗೂ ಸಿಡಿಯಿತು. ಅವನು ಸಹಜವಾಗಿಯೇ ಕಣ್ಣನ್ನು ಅದೇ ಕೈಯಿಂದ ಉಜ್ಜಿಕೊಂಡ. "ಅಪ್ಪಾ, ಕಣ್ಣು ಬಿಡೋಕಾಗ್ತಿಲ್ಲ" ಎಂದು ಅವನು ಕೂಗಿದ ದನಿ ಈಗಲೂ ನನ್ನ ಕಿವಿಯಲ್ಲಿದೆ.

ನಮಗಿಂತ ಮೊದಲು ಓಡಿಬಂದವರು ಎಳನೀರು ಮಾರುತ್ತಿದ್ದ ಸ್ಥಳೀಯ ಹೆಂಗಸು. ಮಕ್ಕಳನ್ನೆಲ್ಲ ಮರದ ಕೆಳಗಿನಿಂದ ಹೊರಗೆಳೆದು, ಕಾಂಡದ ಸುತ್ತ ಬಳಿದಿದ್ದ ಮಾಸಿದ ಕೆಂಪು ಪಟ್ಟಿಯನ್ನು ನಮಗೆ ತೋರಿಸಿದರು. ಆ ಪಟ್ಟಿಯನ್ನು ನಾನು ಅದಕ್ಕೆ ಮೊದಲೇ ನೋಡಿದ್ದೆ. ಕಡಿಯಲು ಗುರುತು ಹಾಕಿದ್ದಾರೆಂದು ಭಾವಿಸಿ ಸುಮ್ಮನಾಗಿದ್ದೆ. ಆ ತಾಯಿಯ ಮಾತಿನಂತೆ ಬಾಟಲಿಗಟ್ಟಲೆ ಕುಡಿಯುವ ನೀರನ್ನು ಇಪ್ಪತ್ತು ನಿಮಿಷ ಬಿಡದೆ ಅವನ ಕಣ್ಣಿಗೆ ಸುರಿದೆವು. ಆಸ್ಪತ್ರೆಯಲ್ಲಿ ವೈದ್ಯರು ಕಣ್ಣಿಗೆ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ ಕಾರ್ನಿಯಾದ ಮೇಲೆ ಹಸಿರಾಗಿ ಹೊಳೆದ ಗಾಯದ ಕಲೆಗಳು ನನಗೂ ಕಂಡವು.

ಉಳಿದ ನಾಲ್ವರಿಗೆ ಆಗ ಏನೂ ಆಗಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅವರ ಭುಜ ಮತ್ತು ಬೆನ್ನಿನ ಮೇಲೆ ಉರಿ ಶುರುವಾಯಿತು. ಎಲೆಗಳಿಂದ ತೊಟ್ಟಿಕ್ಕಿದ ಮಳೆನೀರು ಎಲ್ಲೆಲ್ಲಿ ಹರಿದಿತ್ತೋ ಅಲ್ಲೆಲ್ಲ ಕೆಂಪು ಗೆರೆಗಳೆದ್ದು, ಬೆಳಗಾಗುವಷ್ಟರಲ್ಲಿ ನೀರುಗುಳ್ಳೆಗಳಾದವು. ನಮ್ಮೂರಲ್ಲಿ ಗೇರುಬೀಜದ ಸೊನೆ ತಾಗಿ ಚರ್ಮ ಸುಟ್ಟಂತಾಗುವುದನ್ನು ಕಂಡವರಿಗೆ ಇದು ಅರ್ಥವಾದೀತು. ಆದರೆ ಗೇರುಮರದಿಂದ ಇಳಿದ ಮಳೆಹನಿಗೆ ಯಾರೂ ಹೆದರುವುದಿಲ್ಲ.

ಈ ಮರದ ಹೆಸರು ಮ್ಯಾಂಚಿನೀಲ್. ನಮ್ಮ ಕಳ್ಳಿ ಮತ್ತು ಹರಳಿನ ಕುಟುಂಬಕ್ಕೇ ಸೇರಿದ ಇದರ ಎಲೆ, ತೊಗಟೆ, ಕಾಯಿ ಎಲ್ಲದರಲ್ಲೂ ವಿಷಕಾರಿ ಸೊನೆ ಇದೆ. ಕಟ್ಟಿಗೆಯ ಹೊಗೆಯೂ ಕಣ್ಣಿಗೆ ಹಾನಿ ಮಾಡುತ್ತದೆ. ಕಾಯಿಗೆ ಸ್ಪ್ಯಾನಿಷ್ ಭಾಷೆಯಲ್ಲಿ 'ಸಾವಿನ ಪುಟ್ಟ ಸೇಬು' ಎಂಬ ಹೆಸರೇ ಇದೆ. ಅದು ಮೊದಲು ಸಿಹಿಯಾಗಿರುತ್ತದೆ, ಆಮೇಲೆ ಗಂಟಲು ಉರಿದು ಬಿಗಿದುಕೊಳ್ಳುತ್ತದೆ. ನಮ್ಮ ಹುಡುಗರಲ್ಲಿ ಯಾರೂ ಕಚ್ಚಿ ನೋಡಲಿಲ್ಲ ಎಂಬುದಕ್ಕೆ ನಾನು ದೇವರಿಗೆ ಋಣಿ. ಇದರ ಬೇರುಗಳು ದಂಡೆಯ ಮರಳು ಕೊಚ್ಚಿಹೋಗದಂತೆ ಹಿಡಿದಿಡುತ್ತವಾದ್ದರಿಂದ ಮರವನ್ನು ಎಲ್ಲೆಡೆ ಕಡಿದುಹಾಕಿಲ್ಲ. ಕೆಲವಕ್ಕೆ ಕೆಂಪು ಪಟ್ಟಿ, ಕೆಲವಕ್ಕೆ ಫಲಕ ಇರುತ್ತದೆ, ಎಷ್ಟೋ ಮರಗಳಿಗೆ ಏನೂ ಇರುವುದಿಲ್ಲ. ಆದ್ದರಿಂದ ಎಲೆಯನ್ನೇ ಗುರುತಿಸಲು ಕಲಿಸಬೇಕು. ಮ್ಯಾಂಚಿನೀಲ್‌ನ ಎಲೆ ಚಿಕ್ಕದು, ನುಣುಪಾದದ್ದು, ಅಂಚಿನಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಅದೇ ದಂಡೆಯಲ್ಲಿ ಬೆಳೆಯುವ ಕಡಲದ್ರಾಕ್ಷಿಯ ಎಲೆ ತಟ್ಟೆಯಂತೆ ಗುಂಡಗೆ, ದಪ್ಪಗೆ ಇರುತ್ತದೆ. ಅದರ ನೆರಳಿನಿಂದ ತೊಂದರೆಯಿಲ್ಲ. ಮಂಗಳೂರು ಕಡೆಯವರು ಬಲ್ಲ ಬಾದಾಮಿ ಮರವೂ ಅಲ್ಲಿದೆ, ಅದೂ ನಿರಪಾಯ.

ದ್ವೀಪದವರ ಮೇಲೆ ನನ್ನ ದೂರಿಲ್ಲ. ಅವರು ಪಟ್ಟಿ ಬಳಿದಿದ್ದರು. ನನ್ನ ದೂರಿರುವುದು ಪ್ರವಾಸ ಏರ್ಪಡಿಸಿದ ಸಂಸ್ಥೆಯ ಮೇಲೆ, ಅದರ ಕಾಗದವನ್ನು ಪ್ರಶ್ನಿಸದೆ ಒಪ್ಪಿಕೊಂಡ ಶಾಲೆಯ ಮತ್ತು ನಮ್ಮೆಲ್ಲರ ಮೇಲೆ. ಹೆಲ್ಮೆಟ್, ಬಿಸಿಲು, ಚೆಂಡಿನ ಪೆಟ್ಟು ಎಲ್ಲಕ್ಕೂ ಅದರಲ್ಲಿ ಪುಟಗಟ್ಟಲೆ ಸೂಚನೆಗಳಿದ್ದವು. ಬಿಡುವಿನ ದಿನಕ್ಕೆ 'ಬೀಚ್, ವಿಶ್ರಾಂತಿ' ಎಂಬ ಎರಡೇ ಪದ. ಮಕ್ಕಳ ಚಿಕಿತ್ಸೆಗೆ ಪೋಷಕರು ಸಹಿ ಮಾಡಿಕೊಟ್ಟ ಒಪ್ಪಿಗೆ ಪತ್ರಗಳ ಕಡತ ಪಂದ್ಯದ ದಿನಗಳಲ್ಲಿ ಶಿಕ್ಷಕರ ಚೀಲದಲ್ಲಿರುತ್ತಿತ್ತು. ಆ ದಿನ ಹೋಟೆಲಿನಲ್ಲೇ ಉಳಿದಿತ್ತು. ನನ್ನ ಮಗನಿಗೆ ನಾನೇ ಸಹಿ ಹಾಕಿದೆ. ನಾನು ಜೊತೆಗಿರದಿದ್ದರೆ, ಐದು ಗಂಟೆ ಮುಂದಿರುವ ಇಂಗ್ಲೆಂಡಿಗೆ ಫೋನ್ ಮಾಡಿ, ತಾಯಿ ಸಿಗುವವರೆಗೆ ಕಾಯಬೇಕಾಗುತ್ತಿತ್ತು.

ಹೊರಡುವ ಮುನ್ನ ಬಿಡುವಿನ ದಿನ ಮಕ್ಕಳು ಯಾವ ಬೀಚಿಗೆ ಹೋಗುತ್ತಾರೆ, ಅಲ್ಲಿ ಈ ಮರಗಳಿವೆಯೇ, ಆ ದಿನ ಕಡತ ಯಾರ ಕೈಯಲ್ಲಿರುತ್ತದೆ ಎಂದು ಲಿಖಿತವಾಗಿ ಕೇಳಿ. ಬಾರ್ಬಡೋಸ್‌ನಲ್ಲಿ ಆಂಬ್ಯುಲೆನ್ಸಿನ ಸಂಖ್ಯೆ 511 ಎಂಬುದನ್ನು ಮಕ್ಕಳ ಫೋನಿನಲ್ಲೇ ಹಾಕಿಸಿ. ಸೊನೆ ತಾಗಿದರೆ ಉಜ್ಜದೆ, ಕಣ್ಣಾದರೆ ಬರೀ ನೀರಿನಿಂದ, ಚರ್ಮವಾದರೆ ಸೋಪು ನೀರಿನಿಂದ, ಆ ಕ್ಷಣವೇ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಬಟ್ಟೆಗಳನ್ನು ಬೇರೆಯಾಗಿಯೇ ಒಗೆಯಬೇಕು.

ಮಗನ ಕಣ್ಣು ವಾಸಿಯಾಗಲು ಹತ್ತು ದಿನ ಹಿಡಿಯಿತು, ದೃಷ್ಟಿಗೆ ತೊಂದರೆಯಾಗಿಲ್ಲ. ಬರುವ ಏಪ್ರಿಲ್‌ನಲ್ಲಿ ಅದೇ ಶಾಲೆಯ ಕಿರಿಯರ ತಂಡ ಅಲ್ಲಿಗೆ ಹೊರಟಿದೆ. ಮರುದಿನ ನಾನೊಬ್ಬನೇ ಆ ದಂಡೆಗೆ ಹೋಗಿ ದೂರದಿಂದ ತೆಗೆದ ಎಲೆ, ಕಾಯಿ ಮತ್ತು ಕೆಂಪು ಪಟ್ಟಿಯ ಚಿತ್ರಗಳನ್ನು ಆ ಮಕ್ಕಳ ಮನೆಗಳಿಗೆಲ್ಲ ಕಳುಹಿಸಿದ್ದೇನೆ.