ಅಪ್ಪನ ಪುಡಿ ಇನ್ಹೇಲರ್: 8 ತಿಂಗಳ ಅನುಭವ, 4 ಸ್ಟಾರ್

ನಮ್ಮಪ್ಪ ಬೀಡಿ ಮುಟ್ಟಿದವರಲ್ಲ. ಆದರೆ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ 30 ವರ್ಷ ಹೊಗೆ ಕುಡಿದಿದ್ದಾರೆ. ಬಂದದ್ದು ಸಿಒಪಿಡಿ, ಅಂದ್ರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟ ಆಗೋ ದೀರ್ಘಕಾಲದ ಕಾಯಿಲೆ. ಮೊದಲು ಬರೀ ಶ್ವಾಸನಾಳ ಬಿಡಿಸೋ ಔಷಧಿ ಕೊಟ್ಟಿದ್ದರು. ಎರಡು ಸಲ ಉಸಿರು ಕಟ್ಟಿ ಅಡ್ಮಿಟ್ ಆದ ಮೇಲೆ ಬುಡೆಸೊನೈಡ್ ಅನ್ನೋ ಸ್ಟಿರಾಯ್ಡ್ ಕೂಡ ಸೇರಿರೋ ಕ್ಯಾಪ್ಸೂಲ್ ಬರೆದರು, ನುಂಗೋದಲ್ಲ, ಇನ್ಹೇಲರ್‌ಗೆ ಹಾಕಿ ಪುಡಿ ಎಳೆಯೋದು.

ಸುಮ್ನೆ ಬರೆದುಕೊಡಲಿಲ್ಲ, ರಕ್ತದಲ್ಲಿ ಇಯೊಸಿನೊಫಿಲ್ ಅನ್ನೋ ಒಂದು ಬಗೆಯ ಬಿಳಿ ರಕ್ತಕಣ ಎಷ್ಟಿದೆ ನೋಡೋಣ ಅಂದರು. ಇಲ್ಲೇ ನಾವು ಎಡವಿದ್ದು. ಆಸ್ಪತ್ರೆಯಲ್ಲಿ ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದಾಗಲೇ ಟೆಸ್ಟ್ ಮಾಡಿಸಿದ್ದೆವು, ಒಂದು ಮೈಕ್ರೋಲೀಟರ್ ರಕ್ತಕ್ಕೆ 40 ಬಂತು. ಡಾಕ್ಟರ್ ನಕ್ಕರು, ಆ ಮಾತ್ರೆಯೇ ಈ ಕಣಗಳನ್ನು ಇಳಿಸಿಬಿಡುತ್ತೆ, ಮಾತ್ರೆ ಬಿಟ್ಟು ಕೆಲವು ವಾರ ಆದಮೇಲೆ ಬನ್ನಿ ಅಂದರು. ಎರಡನೇ ಸಲ 380. 300 ದಾಟಿದವರಿಗೆ ಎಳೆಯೋ ಸ್ಟಿರಾಯ್ಡ್ ಚೆನ್ನಾಗಿ ಹಿಡಿಯುತ್ತೆ, 100ಕ್ಕಿಂತ ಕಡಿಮೆ ಇದ್ದವರಿಗೆ ಲಾಭ ಕಮ್ಮಿ, ಕೊಡೋದು ಬೇಡ ಅಂತಾರೆ.

ಯಾಕೆ ಅಂದ್ರೆ, ಶ್ವಾಸಕೋಶದಲ್ಲಿ ಜಗಳ ಆಡೋ ಬಿಳಿ ರಕ್ತಕಣ ಒಂದೇ ಜಾತಿಯವಲ್ಲ. ಇಯೊಸಿನೊಫಿಲ್‌ಗಳು ಸ್ಟಿರಾಯ್ಡ್ ಮಾತು ಕೇಳುತ್ತವೆ, ಬೇಗ ಸಾಯುತ್ತವೆ. ಸಿಒಪಿಡಿಯಲ್ಲಿ ಜಾಸ್ತಿ ಇರೋ ನ್ಯೂಟ್ರೊಫಿಲ್‌ಗಳು ಕೇಳಲ್ಲ, ಸ್ಟಿರಾಯ್ಡ್ ತಾಗಿದರೆ ಅವುಗಳ ಆಯಸ್ಸು ಉಲ್ಟಾ ಹೆಚ್ಚಾಗುತ್ತೆ! ಬೀಡಿ ಸೇದೋರಿಗೆ ಇನ್ನೂ ಕಷ್ಟ, ಉರಿಯೂತ ಆರಿಸೋಕೆ ಸ್ಟಿರಾಯ್ಡ್‌ಗೆ ಬೇಕಾದ ಎಚ್‌ಡಿಎಸಿ2 ಅನ್ನೋ ಎಂಜೈಮನ್ನೇ ಹೊಗೆ ಕುಗ್ಗಿಸಿರುತ್ತೆ. ಹಾಗಾಗಿ ಪಕ್ಕದ ಮನೆಯವರ ಇನ್ಹೇಲರ್ ನೋಡಿ ನಮಗೂ ಕೊಡಿ ಅಂತ ಅಂಗಡಿಗೆ ಹೋಗಬೇಡಿ.

ಅಪ್ಪನಿಗೆ ಹಿಡಿಯಿತು. ಈ 8 ತಿಂಗಳಲ್ಲಿ ಒಂದು ಸಲವೂ ಅಡ್ಮಿಟ್ ಆಗಿಲ್ಲ.

ತೊಂದರೆ ಇಲ್ಲ ಅಂತಲ್ಲ. ಮೂರನೇ ವಾರಕ್ಕೆ ನಾಲಿಗೆ ಮೇಲೆ ಮೊಸರು ಚೆಲ್ಲಿದಂಗೆ ಬಿಳಿ ಪದರ. ಬಾಯಲ್ಲಿ ಕೂತ ಪುಡಿ ಅಲ್ಲಿನ ಕಾವಲು ಸಡಿಲ ಮಾಡಿ ಕ್ಯಾಂಡಿಡಾ ಅನ್ನೋ ಶಿಲೀಂಧ್ರ ಬೆಳೆದಿತ್ತು. ಎಳೆದ ತಕ್ಷಣ ಬಾಯಿ ಮುಕ್ಕಳಿಸಿ ಉಗುಳಬೇಕು ಅಂತ ಔಷಧಿ ಅಂಗಡಿಯವರು ಹೇಳಿರಲೇ ಇಲ್ಲ. ನ್ಯುಮೋನಿಯಾ ಅಪಾಯವೂ ಸ್ವಲ್ಪ ಹೆಚ್ಚಾಗುತ್ತೆ, ಸಿಒಪಿಡಿ ರೋಗಿಗಳ ಮೇಲೆ ಎಳೆಯೋ ಸ್ಟಿರಾಯ್ಡ್ ಪರೀಕ್ಷಿಸಿದ 2007ರ ಟಾರ್ಚ್ ಅಧ್ಯಯನದಲ್ಲೇ ಇದು ಕಂಡಿತ್ತು, ಅದಕ್ಕೆ ಜ್ವರ, ಬಣ್ಣದ ಕಫ ಕಂಡರೆ ನಾವು ಕಾಯೋದಿಲ್ಲ.

ಯಂತ್ರಕ್ಕೆ ಪೂರ್ತಿ ಅಂಕ. ಜೋರಾಗಿ ಎಳೆದರೆ ಒಳಗೆ ಕ್ಯಾಪ್ಸೂಲ್ ಗರ್ರ್ ಅಂತ ತಿರುಗುತ್ತೆ, ಸದ್ದು ಬರದಿದ್ದರೆ ಎಳೆತ ಸಾಲದು. ಮುಕ್ಕಳಿಸೋದು ಮರೆಯಬಾರದು ಅಂತ ಬಚ್ಚಲಲ್ಲಿ ಹಲ್ಲುಜ್ಜೋ ಬ್ರಷ್ ಪಕ್ಕ ಇಟ್ಟೆ, ತೇವಕ್ಕೆ ಕ್ಯಾಪ್ಸೂಲ್ ಮೆತ್ತಗಾಯಿತು. ಈಗ ಟೀವಿ ಮೇಲಿದೆ. ಒಂದು ಸ್ಟಾರ್ ಕಿತ್ತದ್ದು ಡಬ್ಬಿಯೊಳಗಿನ ಚೀಟಿಗೆ, ಅದರಲ್ಲಿ ಒಂದಕ್ಷರ ಕನ್ನಡ ಇಲ್ಲ, ಅಪ್ಪ ಅದನ್ನ ಮಡಚಿ ಕನ್ನಡಕದ ಡಬ್ಬಿಗೆ ಹಾಕಿಕೊಂಡಿದ್ದಾರೆ.