ಒಂದೇ ಹೆಡ್‌ಫೋನ್, ಬೇರೆ ಬೇರೆ ಫೋನ್: ಸೌಂಡ್ ನಿಜಕ್ಕೂ ಬದಲಾಗುತ್ತಾ?

ಮೊದಲೇ ಹೇಳಿಬಿಡುತ್ತೇನೆ, ವಾಲ್ಯೂಮ್ ಸಮ ಮಾಡದೆ ಎರಡು ಫೋನ್ ಹೋಲಿಸಿದರೆ ಅದಕ್ಕೆ ಅರ್ಥವೇ ಇಲ್ಲ. ಒಂದು ಫೋನ್ ಸ್ವಲ್ಪ ಜೋರಾಗಿದ್ದರೂ ಸಾಕು, ಅದೇ ಚೆನ್ನಾಗಿದೆ ಅನ್ನಿಸುತ್ತೆ. ಅದಕ್ಕೇ ನಾನು ಹೆಡ್‌ಫೋನ್ ಸಿಕ್ಕಿಸಿಕೊಂಡೇ 100 ಹರ್ಟ್ಜ್ ಟೋನ್ ಹಾಕಿ, ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ನೋಡಿ ಸಮ ಮಾಡಿಕೊಂಡೆ. ಈಕ್ವಲೈಜರ್, ಡಾಲ್ಬಿ ಎಲ್ಲ ಆಫ್.

ಕಣದಲ್ಲಿ ಇದ್ದದ್ದು 2017ರ ಎಲ್‌ಜಿ ವಿ30, ಹೆಡ್‌ಫೋನ್ ಜಾಕ್ ಇರುವ ಒಂದು ಅಗ್ಗದ ಫೋನ್, ಜಾಕ್ ಇಲ್ಲದ ಹೊಸ ಫೋನ್ ಮತ್ತು ಅದಕ್ಕೆ ಎರಡು ಡಾಂಗಲ್ (ಟೈಪ್-ಸಿ ಪೋರ್ಟ್‌ಗೆ ಹೆಡ್‌ಫೋನ್ ಜೋಡಿಸುವ ಪುಟ್ಟ ಅಡಾಪ್ಟರ್).

32 ಓಮ್‌ನ (ಓಮ್ ಅಂದ್ರೆ ಹೆಡ್‌ಫೋನ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಸಾದಾ ಇಯರ್‌ಫೋನ್‌ನಲ್ಲಿ ಹೇಳುವಂಥದ್ದೇನೂ ಇಲ್ಲ. ಕಣ್ಣು ಮುಚ್ಚಿ ಕೇಳಿದರೆ ಯಾವುದು ಯಾವ ಫೋನ್ ಅಂತ ನನಗೆ ಗೊತ್ತಾಗಲಿಲ್ಲ.

300 ಓಮ್‌ನ ಸೆನ್‌ಹೈಸರ್ ಎಚ್‌ಡಿ 600 ಹಾಕಿದಾಗ ಆಟ ಶುರುವಾಯಿತು. ಅಗ್ಗದ ಫೋನ್ ಫುಲ್ ವಾಲ್ಯೂಮ್‌ನಲ್ಲೂ ಸುಸ್ತಾಯಿತು. ತಂಬೂರದ ಶ್ರುತಿ ಕೇಳುತ್ತೆ, ಆದರೆ ಆಲಾಪ ಮೆಲ್ಲಗಾದ ಕಡೆ ಇನ್ನೂ ಏರಿಸೋಣ ಅಂದ್ರೆ ಜಾಗವೇ ಇಲ್ಲ. ವಿ30 ಮಾತ್ರ 50 ಓಮ್‌ಗಿಂತ ಹೆಚ್ಚಿನ ಹೆಡ್‌ಫೋನ್ ಸಿಕ್ಕಿಸಿದರೆ ತಾನೇ ಗುರುತಿಸಿ ಜಾಸ್ತಿ ವೋಲ್ಟೇಜ್ ಕೊಡುತ್ತೆ. ಇಲ್ಲಿ ಅದಕ್ಕೆ ಸಾಟಿ ಇರಲಿಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬಹಳ ಸೂಕ್ಷ್ಮವಾದ, ಒಳಗೆ ಹಲವು ಡ್ರೈವರ್ (ಪುಟಾಣಿ ಸ್ಪೀಕರ್) ಇರುವ ಐಇಎಂ, ಅಂದ್ರೆ ಕಿವಿಯೊಳಗೆ ಕೂರುವ ಇಯರ್‌ಫೋನ್. ಅಗ್ಗದ ಫೋನಿಗೆ ಹಾಕಿದರೆ ಹಾಡು ಶುರುವಾಗುವ ಮೊದಲೇ "ಸ್ಸ್" ಅನ್ನೋ ಸದ್ದು. ಅಷ್ಟೇ ಅಲ್ಲ, ಹಾಡಿನ ಬಣ್ಣವೇ ಬೇರೆ. ಇಂಥ ಐಇಎಂಗಳ ಇಂಪೀಡೆನ್ಸ್, ಅಂದ್ರೆ ಓಮ್‌ನಲ್ಲಿ ಅಳೆಯುವ ಆ ತಡೆ, ಎಲ್ಲ ಫ್ರೀಕ್ವೆನ್ಸಿಯಲ್ಲೂ ಒಂದೇ ಇರುವುದಿಲ್ಲ. ಫೋನಿನ ಔಟ್‌ಪುಟ್ ಇಂಪೀಡೆನ್ಸ್ ಜಾಸ್ತಿ ಇದ್ದರೆ ಕೆಲವು ಕಡೆ ಸದ್ದು ತಗ್ಗುತ್ತೆ, ಕೆಲವು ಕಡೆ ಹಾಗೇ ಉಳಿಯುತ್ತೆ. ಹೆಡ್‌ಫೋನಿನ ಇಂಪೀಡೆನ್ಸ್ ಫೋನಿನದ್ದಕ್ಕಿಂತ ಎಂಟು ಪಟ್ಟಾದರೂ ಇರಲಿ ಅಂತ ಹೇಳುವುದು ಇದಕ್ಕೇ.

ಡಾಂಗಲ್ ಕಥೆ ಇನ್ನೊಂದು. ಮೊದಲನೆಯದು ಸಿಕ್ಕಿಸಿದರೆ ಸದ್ದೇ ಇಲ್ಲ. ಅದರೊಳಗೆ ಬರೀ ತಂತಿ, ಚಿಪ್ ಇಲ್ಲ. ಫೋನೇ ಟೈಪ್-ಸಿ ಮೂಲಕ ಅನಲಾಗ್ ಸಿಗ್ನಲ್ ಕೊಟ್ಟರೆ ಮಾತ್ರ ಅಂಥದ್ದು ಕೆಲಸ ಮಾಡುತ್ತೆ, ನನ್ನ ಫೋನ್ ಕೊಡುವುದಿಲ್ಲ. ಎರಡನೆಯದರಲ್ಲಿ ಡಿಜಿಟಲ್ ಸಿಗ್ನಲ್ಲನ್ನು ಅನಲಾಗ್ ಮಾಡುವ ಪುಟ್ಟ ಡ್ಯಾಕ್ ಚಿಪ್ ಇದೆ. ಐಇಎಂನಲ್ಲಿ ಅದು ವಿ30ಯಷ್ಟೇ ಸ್ವಚ್ಛ, "ಸ್ಸ್" ಕೂಡ ಇಲ್ಲ. ಇಷ್ಟು ಚಿಕ್ಕ ವಸ್ತು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅಂದ್ಕೊಂಡಿರಲಿಲ್ಲ. 300 ಓಮ್‌ಗೆ ಮಾತ್ರ ಅದರ ಶಕ್ತಿ ಸಾಲದು.

ಹೀಗಾಗಿ ಐಇಎಂ ಕೇಬಲ್ಲಿನ ತುದಿಗೆ ಡಾಂಗಲ್ ಕಾಯಂ ಆಗಿಬಿಟ್ಟಿದೆ. ಎಚ್‌ಡಿ 600 ಹಾಕಿಕೊಂಡಾಗ ಮಾತ್ರ ವಿ30. ಸೌಂಡ್ ಒಂದಕ್ಕೇ ಹೊಸ ಫೋನ್ ಕೊಳ್ಳೋಣ ಅಂತ ಯಾರಾದರೂ ಅಂದರೆ, ಸುಮ್ನೆ ಒಂದು ಡ್ಯಾಕ್ ಡಾಂಗಲ್ ತಗೊಳ್ಳಿ ಅಂತೀನಿ. ಆದರೆ ಪ್ಯಾಕಿನ ಮೇಲೆ ಡ್ಯಾಕ್ ಅಂತ ಬರೆದಿದೆಯಾ ನೋಡಿಕೊಂಡೇ ತಗೊಳ್ಳಿ.